ಮೂರಕ್ಕೂ ಸೋಮವಾರ

ಅವರ ತುರುಬಿನಲ್ಲಿ ಅಬ್ಬಲಿಗೆ ದಂಡೆಯ ಪಕ್ಕ ಸದಾ ಒಂದು ಮೋಟು ಪೆನ್ಸಿಲ್ ಇರುತ್ತಿತ್ತು. ಕಾರವಾರದ ನಮ್ಮ ಕಾಲೇಜಿನ ಆಫೀಸಿನಲ್ಲಿ ಅವರು ಕ್ಲಾರ್ಕ್. ಪಾಠ ಮಾಡದಿದ್ದರೂ ಎಲ್ಲರಿಗೂ ಅಕ್ಕೋರು. ಹೊಸದಾಗಿ ಸೇರಿದವರು ವಿಷಯ ಆರಿಸುವ ಅರ್ಜಿಯನ್ನು ಪೆನ್ನಿನಲ್ಲಿ ತುಂಬಲು ಹೊರಟರೆ ಅವರಿಗೆ ಸಿಟ್ಟು. “ಮೊದ್ಲು ಪೆನ್ಸಿಲ್. ಮನಸ್ಸು ಗಟ್ಟಿ ಆದ್ಮೇಲೆ ಪೆನ್ನು,” ಎಂದು ತುರುಬಿನದನ್ನೇ ಕಿತ್ತು ಕೊಡುತ್ತಿದ್ದರು. ಹಿಂದಿರುಗಿಸದೆ ಹೋದವರನ್ನು ಜಗಲಿಯ ತುದಿಯವರೆಗೂ ಕೂಗಿ ಕರೆಯುತ್ತಿದ್ದರು.

ನಾನು ಆರಿಸಿದ್ದು ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಮೂರಕ್ಕೂ ವಾರಕ್ಕೊಂದು ಬೆಳಗಿನ ಪ್ರಾಕ್ಟಿಕಲ್. ಯಾವ ದಿನದ ಬ್ಯಾಚು ಬೇಕೆಂದು ನಾವೇ ಬರೆಯಬೇಕಿತ್ತು. ವೇಳೆಯನ್ನೂ ನೋಡದೆ ಮೂರಕ್ಕೂ ಸೋಮವಾರ ಎಂದು ಬರೆದೆ.

ಅಕ್ಕೋರು ಅರ್ಜಿ ನೋಡಿ, ನನ್ನ ಮುಖ ನೋಡಿ ಕೇಳಿದರು, “ಮೀನು ಮಾರೂ ಮನೆಯವ್ಳನೇ ತಂಗಿ?”

ಹೌದೆಂದೆ. ನಮ್ಮ ಕಡೆ ಸೋಮವಾರ ಬಹಳ ಮನೆಗಳಲ್ಲಿ ಮೀನು ತಿನ್ನುವುದಿಲ್ಲ, ಮೀನು ಮಾರುವ ನನ್ನಮ್ಮ, ಆಯಿ, ಅಂದು ಪೇಟೆಗೆ ಹೋಗುವುದಿಲ್ಲ. ಉಳಿದ ದಿನ ಹಟ್ಟಿಕೇರಿಯಿಂದ ಟೆಂಪೋದಲ್ಲಿ ಅವಳ ಜೊತೆ ಅಂಕೋಲೆಗೆ ಹೋಗಿ, ಬುಟ್ಟಿ ಇಳಿಸಿಕೊಟ್ಟ ಮೇಲೆಯೇ ನಾನು ಕಾರವಾರದ ಬಸ್ಸು ಹತ್ತಬೇಕು. ಅವಳ ಮೊಣಕಾಲು ಭಾರ ತಡೆಯುತ್ತಿರಲಿಲ್ಲ. ನಾನು ಕಾಲೇಜು ಮುಟ್ಟುವಷ್ಟರಲ್ಲಿ ಬೆಳಗಿನ ಪ್ರಾಕ್ಟಿಕಲ್ ಮುಗಿದೇ ಹೋಗುತ್ತಿತ್ತು.

“ಒಂದೇ ಹೊತ್ತಿಗೆ ಮೂರು ಲ್ಯಾಬಲ್ಲಿ ಹ್ಯಾಂಗೆ ನಿಲ್ತೆ?” ಎಂದು ಅವರು ನಕ್ಕರು. ನನಗೆ ಅಳು ಬಂತು. ಹಾಗಾದರೆ ವಿಜ್ಞಾನ ಬೇಡ, ಬಿ.ಎ.ಗೇ ಬರೆದುಕೊಳ್ಳಿ ಎಂದೆ.

“ಬಿ.ಎ. ಏನೂ ಕಡಿಮೆ ಅಲ್ಲ. ಆದ್ರೆ ನಿಂಗೆ ಬೇಕಾದ್ದು ಅದಲ್ವಲ್ಲ.” ಎರಡು ಸೋಮವಾರ ಅಳಿಸಿ, ಬುಧವಾರ, ಶುಕ್ರವಾರ ಎಂದು ತಾವೇ ಬರೆದರು. “ಪೆನ್ಸಿಲ್ಲಲ್ಲೇ ಇದೆ. ಎರಡು ದಿನ ಬಿಟ್ಟು ಬಾ. ಆಯಿ ಫೋನ್ ನಂಬರ್ ಹೇಳು.”

ಕಣ್ಣೊರೆಸಿಕೊಳ್ಳುತ್ತ ಅವರ ಪೆನ್ಸಿಲನ್ನೂ ಹಿಡಿದುಕೊಂಡೇ ಹೊರಟೆ. ಅಂದು ಅವರು ಕೂಗಲಿಲ್ಲ.

ಮರುದಿನ ಆಯಿಯೇ ಹೇಳಿದಳು, “ಬುಧವಾರ, ಶುಕ್ರವಾರ ಟೆಂಪೋದವ್ನೇ ಬುಟ್ಟಿ ಇಳಸ್ತ. ನೀ ಸೀದಾ ಕಾರವಾರಕ್ಕೆ ಹೋಗು.” ನಾನು ಹೋಗಿ ಅರ್ಜಿಯ ಮೇಲೆ ಪೆನ್ನು ಆಡಿಸಿ, ಪೆನ್ಸಿಲ್ ಹಿಂದಿರುಗಿಸಿದೆ.

ಮೂರು ವರ್ಷವೂ ಆ ಎರಡು ದಿನ ಅಕ್ಕೋರ ಸೀರೆಯ ಅಂಚು ಒದ್ದೆಯಾಗಿರುತ್ತಿತ್ತು. ಅಂಕೋಲೆಯ ಬೊಬ್ರುವಾಡದ ಮನೆಯಿಂದ ಬಸ್‌ಸ್ಟ್ಯಾಂಡಿಗೆ ನಡೆದು ಬರುವವರು, ಎಲ್ಲೋ ನೀರು ತುಳಿದಿರಬೇಕು ಎಂದುಕೊಂಡೆ. ಬೇಸಿಗೆಯಲ್ಲಿ ನೀರೆಲ್ಲಿಂದ ಎಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ.

ಈಗ ನಾನು ಮಲ್ಲಾಪುರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಹೋದ ವರ್ಷ ಅಕ್ಕೋರು ತೀರಿಕೊಂಡರು. ಸುದ್ದಿ ಹೇಳಿದಾಗ ಆಯಿ ಮೀನು ಕೊಯ್ಯುತ್ತಿದ್ದಳು. ಕತ್ತಿಯನ್ನು ಬದಿಗಿಟ್ಟಳು.

“ಟೆಂಪೋದವ ಯಾವತ್ತೂ ಬುಟ್ಟಿ ಮುಟ್ಟಲಿಲ್ಲ ಮಗಾ,” ಎಂದಳು. “ಅಕ್ಕೋರೇ ಪೇಟೆಗೆ ಬಂದು ಇಳಸ್ತಿದ್ರು. ನಿಂಗೆ ಹೇಳ್ಬೇಡ ಅಂದಿದ್ರು. ಹೇಳಿದ್ರೆ ಹುಡ್ಗಿ ಲ್ಯಾಬ್ ಬಿಟ್ಟು ಬುಟ್ಟಿ ಹಿಂದೇ ಬರ್ತದೆ ಅಂತ.”

ನಾಚಿಕೆಯಾಯಿತು, ಅಳುವೂ ಬಂತು. ಅವರಿಗೆ ನಾನು ಹಿಂದಿರುಗಿಸಿದ್ದು ಆ ಪೆನ್ಸಿಲ್ ಒಂದನ್ನೇ.