ಮಲ್ಲಪ್ಪ ಕಾಕಾನ ತಿರುವು

ಮಲ್ಲಪ್ಪ ಕಾಕಾ ಸುಮ್ಮನೆ ಕೂತಾಗಲೂ ಅವರ ಬಲಗೈ ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತಿತ್ತು, ಕಾಣದ ಬಾಗಿಲಿಗೆ ಕೀಲಿ ಹಾಕುವವರ ಹಾಗೆ. ಫೌಜಿನಲ್ಲಿ ಬಂದೂಕು ರಿಪೇರಿ ಮಾಡುತ್ತಲೇ ಮುದುಕನಾಗಿ ತಮ್ಮೂರು ಅಂಕಲಿಗೆ ಮರಳಿದ ಮನುಷ್ಯ. ಚಿಕ್ಕೋಡಿಯ ನಮ್ಮ ರೈಫಲ್ ಕ್ಲಬ್ಬಿನಲ್ಲಿ ಹುಡುಗಿಯರಿಗೆ ಗುರಿ ಕಲಿಸುತ್ತಿದ್ದರು.

ಮೊದಲ ದಿನ ನನಗೆ ಗುಂಡು ಕೊಡಲೇ ಇಲ್ಲ. ಒಂದು ತೆಳ್ಳನೆಯ ಉಕ್ಕಿನ ಸಳಿಯ ತುದಿಗೆ ಬಿಗಿಯಾಗಿ ಅರಿವೆ ಸುತ್ತಿ, ಬಂದೂಕಿನ ನಳಿಗೆಯೊಳಗೆ ತೂರಿಸಿ, ಹಿಡಿಕೆಯನ್ನು ನನ್ನ ಅಂಗೈಗಿಟ್ಟರು.

"ಸಾವಕಾಶ ದಬ್ಬು."

ದಬ್ಬಿದೆ. ಅಯ್ಯ ನನ್ನವ್ವಾ, ಸಳಿ ತಾನಾಗಿ ತಿರುಗತೊಡಗಿತು!

"ನಳಿಗಿ ಒಳಗ ಸುರುಳಿ ಗೆರಿ ಅದಾವ, ಅವ್ವಿ. ಅದರಾಗ ಹಾದು ಬಂದ ಗುಂಡು ಬುಗರಿ ಹಂಗ ತಿರುಗ್ತೈತಿ. ತಿರುಗಿದ್ರ ನೆಟ್ಟಗ ಹೋಗ್ತೈತಿ, ಇಲ್ಲಂದ್ರ ಲಟಪಟ."

ಅವತ್ತಿನಿಂದ ಕಣ್ಣು ಮುಚ್ಚಿದರೆ ಸಾಕು, ಕಬ್ಬಿನ ಬಿಳಿ ಹೂವುಗಳ ಮೇಲೆ ಒಂದು ಗುಂಡು ತಿರುಗುತ್ತ ತಿರುಗುತ್ತ ತೇಲಿ ಹೋಗುವುದು ಕಾಣುತ್ತಿತ್ತು. ಎಷ್ಟು ದೂರ ಹೋದರೂ ಅದು ಬೀಳುತ್ತಿರಲಿಲ್ಲ.

ರಾಜ್ಯ ತಂಡದ ಆಯ್ಕೆ ಬಂತು. ನನಗೆ ಅದೊಂದೇ ಆಸೆ. ಕಾಕಾಗೆ ನನಗಿಂತ ಹೆಚ್ಚು. ಆ ವಾರ ಗಾಳಿ ಜೋರಾಗಿತ್ತು. "ಭಾರದ ಗುಂಡು ಗಾಳಿಗೆ ಜಗ್ಗೂದಿಲ್ಲ" ಎಂದು ಕ್ಲಬ್ಬಿನ ಮೂಲಕ ಕೊಲ್ಲಾಪುರದಿಂದ ಉದ್ದನೆಯ ಹೊಸ ಗುಂಡು ತರಿಸಿದರು. ಅವು ಕೈಸೇರಿದ್ದೇ ಆಯ್ಕೆಯ ಮುಂಜಾನೆ. ಒಂದನ್ನೂ ಹಾರಿಸಿ ನೋಡದೆ ನನ್ನ ಕೈಗೆ ಕೊಟ್ಟುಬಿಟ್ಟರು.

ನನ್ನ ಗುಂಡುಗಳೆಲ್ಲ ದಿಕ್ಕಾಪಾಲಾದವು. ಆಯ್ಕೆ ತಪ್ಪಿತು.

"ನನ್ನ ಕೈ ನಡಗ್ತೈತ್ರಿ ಕಾಕಾ. ಇದು ನನಗ ಆಗೂದಲ್ಲ. ನಾಳಿಂದ ಬರೂದಿಲ್ಲ" ಎಂದು ಎಲ್ಲರೆದುರು ಅತ್ತೆ.

ಕಾಕಾ ಗುರಿಯ ಕಾಗದವನ್ನು ಆಕಾಶಕ್ಕೆ ಹಿಡಿದರು. ತೂತುಗಳು ದುಂಡಗಿರಲಿಲ್ಲ, ಜೀರಿಗೆಯ ಹಾಗೆ ಉದ್ದಕ್ಕಿದ್ದವು. ಅವುಗಳಿಂದ ಬಿಸಿಲು ಸೋರಿ ಅವರ ಮುಖದ ಮೇಲೆ ಬಿತ್ತು.

"ಗುಂಡು ಅಡ್ಡಡ್ಡ ಹೊಡದಾವ. ಉದ್ದನ ಗುಂಡಿಗೆ ಬಿರುಸು ತಿರುವು ಬೇಕು, ನಮ್ಮ ನಳಿಗಿ ತಿರುವು ಸಾವಕಾಶ. ನನಗ ಗೊತ್ತಿತ್ತವ್ವಾ. ನಿನ್ನ ಗೆಲ್ಲಸೂ ಹುಕಿಯೊಳಗ ಮರತೆ. ನಿನ್ನ ಕೈದ ಏನೂ ತಪ್ಪಿಲ್ಲ, ಗುಂಡಿನ ತಪ್ಪು. ತಂದಾವ ನಾನು."

ಹೇಳುವಾಗ ಅವರ ಬಲಗೈ ತಿರುಗುತ್ತಿರಲಿಲ್ಲ. ಅದನ್ನು ನೋಡಿಯೇ ನನ್ನ ಅಳು ನಿಂತಿತು. ಮರುದಿನ ರೇಂಜಿಗೆ ಹೋದೆ. ಮುಂದಿನ ವರ್ಷ ಹಳೆಯ ಗುಂಡುಗಳಲ್ಲೇ ತಂಡ ಸೇರಿದೆ. ಕಾಕಾ ಊರೆಲ್ಲ ಪೇಡೆ ಹಂಚಿದರಂತೆ.

ಈ ಸಲ ಜೋಳದ ಸುಗ್ಗಿಯ ಹೊತ್ತಿಗೆ ಅವರು ಹಾಸಿಗೆ ಹಿಡಿದರು. ನೋಡಲು ಹೋದಾಗ ಹತ್ತಿರ ಕರೆದು ಕೈ ಹಿಡಿದುಕೊಂಡರು. ನಾನು ಅಳಬಾರದೆಂದೇ ಹೋಗಿದ್ದೆ.

"ನಿನ್ನ ಕೈ ನಡಗಾಕತ್ತೈತಲ್ಲ, ಅವ್ವಿ?"

"ಈ ಸಲ ಗುಂಡಿನ ತಪ್ಪಿಲ್ರಿ ಕಾಕಾ. ಕೈದ ತಪ್ಪೈತಿ."

ಕಾಕಾ ನಕ್ಕರು. ನನ್ನ ಕೈಯನ್ನು ಬಿಡದೆ ಮೆಲ್ಲಗೆ ಬಲಕ್ಕೆ ತಿರುವಿದರು, ಅದರ ನಡುಕ ನಿಲ್ಲುವವರೆಗೆ.