ನಾಳೆ ಮೇಸ್ತ್ರಿಯ ಒಗೆಯುವ ಕಟ್ಟೆ

ಊರಿನ ಅರ್ಧ ಮನೆಗಳ ಗೋಡೆ ಎಬ್ಬಿಸಿದ ಮೇಸ್ತ್ರಿಗೆ ಜನ ಇಟ್ಟ ಹೆಸರು ‘ನಾಳೆ ಮೇಸ್ತ್ರಿ’. ಹಾಗೆಂದು ಅವನು ಕೆಲಸಗಳ್ಳನಲ್ಲ. ಬೇರೆಯವರ ಗೋಡೆ ಒಂದು ನೂಲು ವಾಲಿದರೂ ಕೆಡವಿ ಕಟ್ಟುವ ಆಸಾಮಿ. ನಾಳೆ ಎಂಬ ಮಾತು ಅವನ ಸ್ವಂತ ಮನೆಗೆ ಮಾತ್ರ ಮೀಸಲು.

ಹಿತ್ತಲಲ್ಲಿ ನಿಂತು ಬಟ್ಟೆ ಒಗೆಯಲು ಸೊಂಟದೆತ್ತರದ ಕಟ್ಟೆಯೊಂದು ಬೇಕೆಂದು ಹೆಂಡತಿ ಕೇಳಿ ವರ್ಷವಾಗುತ್ತ ಬಂದಿತ್ತು. ಅವನ ಕೆಲಸದಲ್ಲೇ ಹತ್ತು ವರ್ಷ ಗಾರೆ ಹೊತ್ತು ಅವಳ ಮಂಡಿ ಸವೆದಿತ್ತು. ಹೀಗೇ ಕುಕ್ಕರುಗಾಲಲ್ಲಿ ಕೂತು ಒಗೆದರೆ ಮುಂದೆ ನಡೆಯುವುದೇ ಕಷ್ಟ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅದನ್ನು ಕೇಳಿದ ದಿನವೇ ಮೇಸ್ತ್ರಿ ಇಟ್ಟಿಗೆ, ಮರಳು, ಮೇಲೆ ಹಾಸಲು ಕಲ್ಲುಚಪ್ಪಡಿ, ಒಂದು ಚೀಲ ಸಿಮೆಂಟು ತಂದ. ಆಮೇಲೆ ಯಾರದೋ ಮನೆಯ ಮಹಡಿ, ಇನ್ಯಾರದೋ ಕಾಂಪೌಂಡು. ಚೀಲಕ್ಕೆ ಹನ್ನೊಂದು ತಿಂಗಳಾಯಿತು.

ಒಂದು ಭಾನುವಾರ ಅವನು ಚೀಲ ಎಳೆದು ನೋಡಿದರೆ ಮೂಲೆಗಳು ಕಲ್ಲಾಗಿದ್ದವು.

“ಹೋಯ್ತು ಕಣೇ. ಹಳೇ ಸಿಮೆಂಟಲ್ಲಿ ಕಸುವಿರಲ್ಲ. ಎಸೆದು ಹೊಸದು ತರ್ತೀನಿ.”

“ಹೊಸದು ಬರೋ ಹೊತ್ತಿಗೆ ನಾನು ಹಾಸಿಗೆ ಹಿಡಿದಿರ್ತೀನಿ,” ಎಂದಳು ಹೆಂಡತಿ. “ಹಳೇದನ್ನೆಲ್ಲಾ ಎಸೆಯೋದಾದ್ರೆ ಮೊದಲು ನಾವಿಬ್ರೂ ತಿಪ್ಪೆಗೆ ಹೋಗ್ಬೇಕು. ಚೀಲ ಬಿಚ್ಚಿ!”

ಬಿಚ್ಚಿದ. ಅವಳೇ ಒಳಗೆ ಕೈ ತೂರಿಸಿದಳು. ನಡುವಿನದು ಇನ್ನೂ ಹಿಟ್ಟಿನಂತೆ ಬೆರಳ ಸಂದಿಯಿಂದ ಜಾರಿತು. ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಗಂಟನ್ನು ಜರಡಿಗೆ ಹಾಕಿದಳು, ಆಗದ್ದನ್ನು ಆಚೆ ಎಸೆದಳು. ಮೇಸ್ತ್ರಿಗೆ ಆದರೂ ಧೈರ್ಯ ಸಾಲಲಿಲ್ಲ. ಬೇರೆಯವರ ಮನೆಯಲ್ಲಿ ಹಳೇ ಚೀಲ ಮುಟ್ಟದವನು ನಾನು, ಹೆಂಡತಿಯ ಕಾಲ ಮೇಲೆ ಕಟ್ಟೆಯ ಕಲ್ಲು ಜಾರಿದರೆ ಯಾವ ಮುಖ ತೋರಿಸಲಿ? ಒಂದು ಮುಷ್ಟಿ ಸಿಮೆಂಟನ್ನು ನೀರಲ್ಲಿ ಕಲಸಿ, ಅಂಗೈಯಗಲದ ಬಿಲ್ಲೆ ಮಾಡಿ ಒದ್ದೆ ಬಟ್ಟೆ ಮುಚ್ಚಿಟ್ಟ. ಮರುದಿನ ಹಲ್ಲುಜ್ಜುವ ಮೊದಲೇ ಹಿತ್ತಲಿಗೆ ಓಡಿ ಉಗುರಿಂದ ಗೀರಿದ. ಗೀರು ಮೂಡಲಿಲ್ಲ.

“ಪಿಲ್ಲರಿಗೋ ಸೂರಿಗೋ ಆಗಿದ್ರೆ ಖಂಡಿತ ಹಾಕ್ತಿರ್ಲಿಲ್ಲ,” ಎಂದು ಗೊಣಗುತ್ತಲೇ ಆ ದಿನದ ಕೆಲಸಕ್ಕೆ ರಜೆ ಹೇಳಿಕಳಿಸಿದ. ಮೂವತ್ತು ವರ್ಷದಲ್ಲಿ ಅದೇ ಮೊದಲು. ಮಾಮೂಲಿಗಿಂತ ಒಂದು ಬಾಂಡ್ಲಿ ಸಿಮೆಂಟು ಹೆಚ್ಚಿಗೆ ಬೆರೆಸಿ, ಕಟ್ಟೆಯ ಎರಡು ಬದಿಗೆ ಇಟ್ಟಿಗೆ ಗೋಡೆ ಎಬ್ಬಿಸಿದ. ಮೂರು ದಿನ ಬಿಟ್ಟು, ಪಕ್ಕದ ಮನೆಯವರನ್ನು ಕರೆದು ಮೇಲೆ ಕಲ್ಲುಚಪ್ಪಡಿ ಕೂರಿಸಿದ. ಹತ್ತು ದಿನ ಹೊತ್ತು ಹೊತ್ತಿಗೆ ನೀರು ಹೊಡೆದ. ಹೆಂಡತಿ ಬಕೆಟ್ಟು ಹಿಡಿದು ಬಂದಾಗಲೆಲ್ಲ ಅಡ್ಡ ನಿಂತು ವಾಪಸು ಕಳಿಸಿದ.

ಹನ್ನೊಂದನೆಯ ದಿನ ತಾನೇ ಕಟ್ಟೆ ಹತ್ತಿ ಕುಣಿದು ನೋಡಿದ. ಅದು ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಅವಳು ಸೆರಗು ಸಿಕ್ಕಿಸಿ, ನೆಟ್ಟಗೆ ನಿಂತು ಒಗೆಯತೊಡಗಿದಳು. ಒಂದು ಹೊದಿಕೆ ಮುಗಿಸಿ, ಕಟ್ಟೆಯ ಅಂಚನ್ನು ಅಂಗೈಯಲ್ಲಿ ಸವರಿ ನೋಡಿದಳು. ಮೇಸ್ತ್ರಿಗೆ ದಿಗಿಲಾಯಿತು.

“ಎತ್ತರ ಹೆಚ್ಚಾಯ್ತೇನೇ?”

“ಸರಿಯಾಗಿದೆ,” ಎಂದಳು. “ನಿಮ್ಮ ಜೊತೆ ಎಷ್ಟು ಮನೆಗೆ ಗಾರೆ ಹೊತ್ತೆನೋ ಲೆಕ್ಕ ಇಲ್ಲ. ನನಗೋಸ್ಕರ ನೀವು ಕಟ್ಟಿದ್ದು ಇದೊಂದೇ.”

ಮೇಸ್ತ್ರಿ ಹೊದಿಕೆಯ ಇನ್ನೊಂದು ತುದಿ ಹಿಡಿದು, “ಇನ್ನೇನು ಕಟ್ಟಬೇಕು ಹೇಳು,” ಎಂದ.

“ಹೇಳ್ತೀನಿ, ಪಟ್ಟಿ ಉದ್ದ ಇದೆ. ಮೊದಲು ಇದನ್ನ ಗಟ್ಟಿಯಾಗಿ ಹಿಂಡಿ.”