ನೆತ್ತಿಯ ಮೇಲೆ ಬಿದ್ದ ಹಲ್ಲಿ

ಗೋಡೆಯ ಯಾವುದೋ ಮೂಲೆಯಿಂದ ಹಲ್ಲಿ ಲೊಚಗುಟ್ಟಿದರೆ ಈಗಲೂ ನನ್ನ ಕೈ ತಾನಾಗಿ ನೆತ್ತಿಗೆ ಹೋಗುತ್ತದೆ. ಮೊಮ್ಮಗಳು ನೋಡಿ ನಗುತ್ತಾಳೆ, ನಗಲಿ. ಅವಳಿಗೆ ಗುಬ್ಬಿಯ ನಮ್ಮ ಮನೆ ಗೊತ್ತಿಲ್ಲ. ಹೊಗೆಗೆ ಕಪ್ಪಾದ ತೊಲೆಗಳು, ನಡುಮನೆಯಲ್ಲಿ ವಿಭೂತಿ ಸೀಮೆಎಣ್ಣೆ ಬೆರೆತ ವಾಸನೆ, ಬೆಳಕಿಂಡಿಯಿಂದ ಇಳಿಯುವ ಒಂದು ಪಟ್ಟೆ ಬಿಸಿಲು. ಅಂಥ ಮನೆಯಲ್ಲಿ ಬೆಳೆದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಆ ತೊಲೆಗಳ ಸಂದಿಯಲ್ಲಿ ನಮಗಿಂತ ಹೆಚ್ಚು ಹಲ್ಲಿಗಳಿದ್ದವು. ಹಲ್ಲಿ ಮೈಮೇಲೆ ಎಲ್ಲಿ ಬಿದ್ದರೆ ಏನು ಫಲ ಎಂಬುದು ಪಂಚಾಂಗದಲ್ಲಿತ್ತು. ಅಜ್ಜಿಗೆ ಅಕ್ಷರ ಬರದಿದ್ದರೂ ಆ ಪುಟ ಬಾಯಿಪಾಠ. ಪಾದಕ್ಕೆ ಬಿದ್ದರೆ ಪ್ರಯಾಣ, ಭುಜಕ್ಕೆ ಬಿದ್ದರೆ ಲಾಭ. "ನೆತ್ತಿ ಮೇಲೆ ಬಿದ್ರೆ ಮಾತ್ರ ಮನೇಲಿ ಒಂದು ಜೀವ ಹೋಗುತ್ತೆ ಕಣ್ರೇ. ನಿಂತ ಕಾಲಲ್ಲೇ ತಲೆಗೆ ತಣ್ಣೀರು ಸುರ್ಕೊಂಡು ದೀಪ ಹಚ್ಬೇಕು" ಎನ್ನುತ್ತಿದ್ದಳು.

ನನಗಾಗ ಒಂಬತ್ತು ವರ್ಷ. ಅವರೆಕಾಯಿ ಕಾಲ, ಮೈ ಕೊರೆಯುವ ಚಳಿ. ತಿಂಗಳುಗಟ್ಟಲೆ ಕಾಡಿದ ನಾಯಿಕೆಮ್ಮು ಆಗಷ್ಟೇ ಬಿಟ್ಟಿತ್ತು. ಸಂಜೆ ನಡುಮನೆಯಲ್ಲಿ ಒಬ್ಬಳೇ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ತಲೆಯ ಮೇಲೆ ಏನೋ ಮೆತ್ತಗೆ, ತಣ್ಣಗೆ ಬಿತ್ತು. ಬೈತಲೆಯಿಂದ ಕಿವಿಯ ಹಿಂದೆ ಹರಿದು, ಮೊರದೊಳಕ್ಕೆ ನೆಗೆದು, ಕಾಳುಗಳ ಮೇಲೆ ಒಂದು ಕ್ಷಣ ನಿಂತು ಓಡಿತು. ಕೂಗಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಅಜ್ಜಿಯ ಬೈಗುಳಕ್ಕೆ ಹೆದರಿದೆನೋ, ತೊಟ್ಟಿಯ ನೀರಿಗೆ ಹೆದರಿದೆನೋ, ಈಗ ಹೇಳಲಾರೆ. ಯಾರಿಗೂ ಹೇಳಲಿಲ್ಲ.

ಅದೇ ವಾರ ಚಿಕ್ಕಪ್ಪ ಹಾಸಿಗೆ ಹಿಡಿದರು. ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಅವರಿಗೆ ಕೆಲಸ. ಬೆಳಿಗ್ಗೆ ತುಮಕೂರಿನ ಬಸ್ಸು ಹಿಡಿದು ಹೋದರೆ ಸಂಜೆ ಗ್ರೀಸಿನ ವಾಸನೆಯೊಂದಿಗೆ, ಜೇಬಿನಲ್ಲಿ ನನಗೊಂದು ಕಡ್ಲೆಮಿಠಾಯಿಯೊಂದಿಗೆ ಬರುತ್ತಿದ್ದರು. ಕಣ್ಣು ಹಳದಿಯಾದವು, ಅನ್ನ ಸೇರದಾಯಿತು. ನಾಟಿ ಔಷಧಿ ಕುಡಿಸಿದರು, ಆಮೇಲೆ ಆಸ್ಪತ್ರೆಗೂ ಸೇರಿಸಿದರು. ಈಗ ಹೇಳಿಬಿಡೋಣ, ಈಗಲಾದರೂ ತಲೆಗೆ ನೀರು ಸುರಿದರೆ ಉಳಿಯುತ್ತಾರೇನೋ ಎಂದು ದಿನವೂ ಅಜ್ಜಿಯ ಸೆರಗು ಹಿಡಿದು ನಿಲ್ಲುತ್ತಿದ್ದೆ. "ಏನ್ಲೇ, ಹಸಿವಾ?" ಎಂದು ಅವಳು ಕೇಳುತ್ತಿದ್ದಳು. ಹೂಂ ಎಂದು ಓಡುತ್ತಿದ್ದೆ. ಹತ್ತನೆಯ ದಿನ ಚಿಕ್ಕಪ್ಪನನ್ನು ಮನೆಗೆ ತಂದು, ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿಗೆ ಹೂವಿನ ಹಾರ ಹಾಕಿದರು. ಇಪ್ಪತ್ತಾರರ ಪ್ರಾಯ. ನಾನು ಅಳಲಿಲ್ಲ, ತೊಲೆ ನೋಡುತ್ತಿದ್ದೆ.

ಅಲ್ಲಿಂದ ಶುರುವಾಯಿತು. ಬೇಸಿಗೆಯಲ್ಲೂ ತಲೆತುಂಬ ಹೊದ್ದು ಮಲಗುತ್ತಿದ್ದೆ. ಯಾವ ಕೋಣೆಗೆ ಹೋದರೂ ಮೊದಲು ಸೂರು ನೋಡಬೇಕು, ಹಲ್ಲಿ ಕಂಡರೆ ಹೊರಕ್ಕೆ ಓಡುತ್ತಿದ್ದೆ. ಭಯ ಹಿಡಿದುಕೊಂಡಿದೆ ಎಂದು ಯಡಿಯೂರಿಗೆ ಕರೆದೊಯ್ದು ತಾಯತ ಕಟ್ಟಿಸಿದರು. ದೇವರ ಮುಂದೆ ಕಣ್ಣು ಮುಚ್ಚುವ ಬದಲು ನಾನು ಚಾವಣಿ ಹುಡುಕುತ್ತಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದಾಗ, ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಕಾಲೇಜಿಗೆ ಹೋಗು ಎಂದರು. ಕಂಡು ಕೇಳರಿಯದ ಸೂರಿನ ಕೆಳಗೆ ಮಲಗಲಾರೆ ಎಂದು ಹಟ ಹಿಡಿದೆ. ಹಾಗಾದರೆ ಓದು ಸಾಕು, ಗಂಡು ಹುಡುಕೋಣ ಎಂದರು ಅಪ್ಪ.

ಆಗ ನನ್ನ ಕೈ ಹಿಡಿದವಳು ಗಂಗತ್ತೆ. ಅಪ್ಪನ ತಂಗಿ, ಚಿಕ್ಕಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮೊಂದಿಗಿದ್ದಳು. ದಿನಾ ಮಧ್ಯಾಹ್ನ ನನ್ನನ್ನು ಉಗ್ರಾಣದ ಹೊಸ್ತಿಲಲ್ಲಿ ನಿಲ್ಲಿಸುತ್ತಿದ್ದಳು. ಒಳಗೆ ಗೋಡೆಯ ಮೇಲೆ ಹಲ್ಲಿ. "ಇವತ್ತು ಇಲ್ಲೇ ನಿಂತ್ಕೋ, ಸಾಕು. ಹೆದ್ರಿಕೆ ಬಂದ್ರೆ ಬರ್ಲಿ ಬುಡು, ಓಡ್ಬೇಡ. ಬಂದಿದ್ದು ತಾನೇ ಇಳೀತದೆ." ಎದೆ ಬಾಯಿಗೆ ಬರುತ್ತಿತ್ತು, ಅಂಗೈ ಬೆವರುತ್ತಿತ್ತು. ಅವಳು ಕೈ ಬಿಡುತ್ತಿರಲಿಲ್ಲ. ನಿಂತೇ ಇದ್ದರೆ ನಿಜಕ್ಕೂ ಇಳಿಯುತ್ತಿತ್ತು. ಮಾರನೆಯ ದಿನ ಒಂದು ಹೆಜ್ಜೆ ಮುಂದೆ. ಅರ್ಧ ಬೇಸಿಗೆ ಹೀಗೇ ಕಳೆದು, ಒಂದು ದಿನ ಹಲ್ಲಿಯಿಂದ ಮೊಳದಷ್ಟು ದೂರದಲ್ಲಿ ನಿಂತಿದ್ದೆ. ಅದರ ಗಂಟಲು ಮಿಡಿಯುವುದು ಕಾಣುತ್ತಿತ್ತು. ಇಷ್ಟು ಸಣ್ಣ ಪ್ರಾಣಿಗೆ ನಾನು ಹೆದರಿರಲೇ ಇಲ್ಲ ಎಂದು ಆಗ ಹೊಳೆಯಿತು. ಅಳು ಉಕ್ಕಿ ಬಂತು. ಅವರೆಕಾಯಿಯ ಸಂಜೆಯದನ್ನೆಲ್ಲ ಹೇಳಿಬಿಟ್ಟೆ. ಚಿಕ್ಕಪ್ಪನನ್ನು ಕೊಂದವಳು ನಾನೇ ಎಂದೆ.

ಅತ್ತೆಯ ಹಿಡಿತ ಸಡಿಲವಾಯಿತು. ಅಲ್ಲೇ ರಾಗಿ ಚೀಲದ ಮೇಲೆ ಕೂತಳು. "ನಾನು ನೋಡಿದ್ದೆ ಕಣೇ ಗಿರಿಜಿ. ಒಲೆ ಮುಂದೆ ಕೂತಿದ್ದೆ, ಬಿದ್ದಿದ್ದು ಕಾಣಿಸ್ತು. ನಿಮ್ಮಜ್ಜಿಗೆ ಗೊತ್ತಾದ್ರೆ ಆ ಚಳೀಲಿ ನಿನ್ ತಲೆ ಮೇಲೆ ತಣ್ಣೀರು ಸುರೀತಾಳೆ, ಕೆಮ್ಮು ತಿರುಗಾ ಬರ್ತದೆ ಅಂತ ಬಾಯಿ ಮುಚ್ಕೊಂಡೆ. ನಿನ್ನ ಉಳಿಸ್ಕೊಳಕ್ಕೆ ಹೋಗಿ ನನ್ ತಮ್ಮನ್ನ..."

ಏಳು ವರ್ಷ ನಾವಿಬ್ಬರೂ ಒಂದೇ ಚಾಪೆಯಲ್ಲಿ ಮಲಗಿದ್ದೆವು. "ಅದು ಕಾಮಾಲೆ ಅತ್ತೆ, ಹಲ್ಲಿ ಅಲ್ಲ" ಎಂದೆ. ಹೇಳುವಾಗಲೇ ಅದು ನಿಜವೆಂದು ನನಗೆ ನಂಬಿಕೆ ಬಂತು, ಎದೆ ಹಗುರಾಯಿತು. ಅತ್ತೆ ಕಣ್ಣೊರೆಸಿಕೊಂಡು "ಹೂಂ" ಎಂದಳು. ಆ ಜೂನ್‌ನಲ್ಲಿ ನಾನು ಟ್ರಂಕು ಹಿಡಿದು ತುಮಕೂರಿಗೆ ಹೊರಟೆ. ಈಗ ಮನೆಯಿಲ್ಲ, ಅಜ್ಜಿಯಿಲ್ಲ, ಅತ್ತೆಯೂ ಹೋಗಿ ಬಹಳ ಕಾಲವಾಯಿತು. ಅವತ್ತು ಅವಳು ನಂಬಿದಳೋ, ನನ್ನ ಸಮಾಧಾನಕ್ಕೆ ಹೂಂಗುಟ್ಟಿದಳೋ, ನಾನು ಕೇಳಲಿಲ್ಲ. ಊರಿಗೆ ಬಂದಾಗಲೆಲ್ಲ ಬಸ್ಸಿಗೆ ಹೊತ್ತಾಗುತ್ತಿದೆ ಎಂಬ ಅವಸರದಲ್ಲಿ, ಅವಳು ನನಗಾಗಿ ನಿಂತಂತೆ ನಾನು ಅವಳ ಕೈ ಹಿಡಿದು ಒಂದು ದಿನವೂ ನಿಲ್ಲಲಿಲ್ಲ.